ದಪ್ಪ ಕರುಳಿನ ಜಮೀಲಾಬಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಿರಾದ ಕಸಾಯಿಖಾನೆಯ ಹಿಂದಿನ ತೊಟ್ಟಿಯ ಬಳಿ ಜಮೀಲಾಬಿ ಕುಕ್ಕರುಗಾಲಿನಲ್ಲಿ ಕುಳಿತು ಕುರಿಯ ಕರುಳನ್ನು ಎರಡು ಬೆರಳ ನಡುವೆ ಜಗ್ಗುತ್ತಿದ್ದಾಳೆ. ಕಣ್ಣು ಎಲ್ಲೋ ಇದೆ, ಕೆಲಸವೆಲ್ಲ ಬೆರಳಿನದು. ಒಂದು ಕಡೆ ಬೆರಳು ನಿಲ್ಲುತ್ತದೆ. ಒಳಮೈ ಹೊರಳಿಸಿ ತೊಳೆಯುತ್ತಾಳೆ, ಎಳೆದು ನೋಡುತ್ತಾಳೆ, ಸುಕ್ಕು ಹೋಗುವುದಿಲ್ಲ. ಅದನ್ನು ಬುಟ್ಟಿಗೆ ಹಾಕದೆ ಪಕ್ಕದ ಡಬ್ಬಕ್ಕೆ ಹಾಕುತ್ತಾಳೆ.

ದಿನಕ್ಕೆ ಹದಿನೈದು ಇಪ್ಪತ್ತು ಕುರಿಗಳ ಬೋಟಿ, ಅಂದರೆ ಕರುಳು, ತೊಳೆದು ಮಾರುವುದು ಆಕೆಯ ಇಪ್ಪತ್ತು ವರ್ಷದ ಕಸುಬು. ಕುರಿ ಕೊಯ್ಯುವವನು ಗಂಡ ಬುಡನ್ ಸಾಬ್. ಹುಲಿಕುಂಟೆ ಕಡೆಯ ಮಂದೆಗಳಿಂದ ಬರುವ ಕುರಿಗಳಲ್ಲಿ ಕೆಲವು ಮೂಳೆ ಚಕ್ಕಳವಾಗಿರುತ್ತವೆ, ಬೋಟಿ ಮಾತ್ರ ದಪ್ಪ. ಗಿರಾಕಿಗಳಿಗೆ ಅದೇ ಬೇಕು. ದಪ್ಪವಿದ್ದರೆ ಕೊಬ್ಬಿನದು, ಮೈಗೆ ಹತ್ತುತ್ತದೆ ಎಂಬುದು ಊರವರ ನಂಬಿಕೆ. ಜಮೀಲಾಬಿಯೂ ಹಾಗೇ ನಂಬಿ ಆರಿಸಿ ಆರಿಸಿ ಮಾರಿದವಳು. ಬಡಕಲು ಮಗಳು ಜಹೀದಾಗೂ ಅದನ್ನೇ ಬೇಯಿಸಿ ಹಾಕಿದವಳು.

ಆ ಹುಡುಗಿಗೀಗ ಹದಿನಾರು. ಎರಡು ವರ್ಷದಿಂದ ಹೊಟ್ಟೆನೋವು, ಭೇದಿ; ಉಂಡದ್ದು ದಕ್ಕುವುದಿಲ್ಲ. ತುಮಕೂರಿನವರೆಗೂ ತೋರಿಸಿ ಬಂದದ್ದಾಯಿತು. ಒಂದು ಬೆಳಗ್ಗೆ ಕುರಿಯ ಒಣ ಪಕ್ಕೆಲುಬನ್ನೂ ತನ್ನ ಕೈಯಲ್ಲಿದ್ದ ದಪ್ಪ ಕರುಳನ್ನೂ ನೋಡಿ ತಾಯಿ ಅದನ್ನು ಬುಟ್ಟಿಗೆ ಹಾಕದೆ ಪಕ್ಕಕ್ಕಿಟ್ಟಳು.

“ಕುರಿ ನೋಡಿದ್ರೆ ಒಣಕಲು, ಕರುಳು ನೋಡಿದ್ರೆ ದಪ್ಪ. ಕೊಬ್ಬಾಗಿದ್ರೆ ಕುರಿ ಮೈಗ್ಯಾಕೆ ಹತ್ಲಿಲ್ಲ? ಇದು ಕೊಬ್ಬಲ್ಲ, ಬಾವು ಅನ್ನಿಸ್ಬುಡ್ತು.”

ಓದು ಒಕ್ಕಾಲು, ಬುದ್ಧಿ ಮುಕ್ಕಾಲು. ಶಾಲೆಯ ಮೆಟ್ಟಿಲನ್ನೇ ತುಳಿಯದ ಜಮೀಲಾಬಿ ಡಬ್ಬ ಹಿಡಿದು ನೇರ ದನದ ಆಸ್ಪತ್ರೆಗೆ ಹೋದಳು. ಡಾಕ್ಟರು ಮೊದಲು ಮೂಗು ಮುಚ್ಚಿಕೊಂಡರಂತೆ. ಆಮೇಲೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವರು ಮೂಗು ಮರೆತು ಕುಳಿತರಂತೆ. ಕೆಂಪು ಕಡ್ಡಿಗಳಂಥ ಹುಳು. ಕರುಳು ಬಾತು ಕುರಿ ಒಣಗುವ ಜೋನಿ ರೋಗ ಅಂದರು, ಕ್ಷಯದ ಹುಳುವಿನ ದಾಯಾದಿ ಅಂದರು. ಮನುಷ್ಯರಿಗೂ ಬರುತ್ತದೆಯೇ ಎಂದು ಆಕೆ ಕೇಳಿದಾಗ ಮಾತ್ರ ಅವರ ದನಿ ತಗ್ಗಿತು. ಕೆಲವರಿಗೆ ಅನುಮಾನವಿದೆ, ಸಾಕ್ಷಿ ಇಲ್ಲ ಎಂದರು.

ಅಂದಿನಿಂದ ದಪ್ಪ ಬೋಟಿಯ ಮಾರಾಟ ಬಂದ್. ಒಳ್ಳೇ ಮಾಲು ಮಣ್ಣುಪಾಲು ಎಂದು ಬುಡನ್ ಸಾಬ್ ಎರಡು ದಿನ ಮಾತು ಬಿಟ್ಟ. ದಪ್ಪದ್ದನ್ನು ಯಾರಿಗೆ ಬಚ್ಚಿಟ್ಟೆ ಎಂದು ಹಳೆಯ ಗಿರಾಕಿ ಮಾರಕ್ಕ ಇಂದಿಗೂ ಮುನಿಸಿಕೊಳ್ಳುತ್ತಾಳೆ. ಈ ಅರವತ್ತೆರಡನೇ ಇಸವಿಯಲ್ಲಿ ಇಲ್ಲಿಯವರೆಗೆ ಆಸ್ಪತ್ರೆಗೆ ಹೋದ ಡಬ್ಬ ಮೂವತ್ತೊಂದು. ಯಾವ ಊರಿನ ಮಂದೆಯದೆಂದು ಆಕೆ ಹೇಳುತ್ತಾಳೆ, ಡಾಕ್ಟರು ಬರೆದು ಬೆಂಗಳೂರಿಗೆ ಕಳಿಸುತ್ತಾರೆ. ಉಳಿದದ್ದು ಸುಣ್ಣದೊಂದಿಗೆ ಗುಂಡಿ ಸೇರುತ್ತದೆ.

ಮನುಷ್ಯರಿಗೂ ಬರುತ್ತದೆಯೇ ಎಂಬ ಪ್ರಶ್ನೆಗೆ ಬೆಂಗಳೂರಿನಿಂದ ಉತ್ತರ ಇನ್ನೂ ಬಂದಿಲ್ಲ. ಬಂದರೂ ‘ಹೌದು’ ಎಂದೇ ಬರಬಹುದಲ್ಲ, ಕೈಯಾರೆ ಉಣಿಸಿದ ತಾಯಿಗೆ ಆ ಉತ್ತರ ಬೇಕೇ ಎಂದು ಕೇಳಿದರೆ ಜಮೀಲಾಬಿ ತಲೆಯೆತ್ತಿ ಮಗಳತ್ತ ನೋಡುತ್ತಾಳೆ. ಅಷ್ಟರಲ್ಲಿ ಬೆಳಗಾಗಿದೆ; ತೊಟ್ಟಿಯಾಚೆ ಗೋಡೆಗೊರಗಿ ಜಹೀದಾ ಎಳೆಬಿಸಿಲು ಕಾಯಿಸಿಕೊಳ್ಳುತ್ತಿದ್ದಾಳೆ.

“ಹೌದು ಅಂತ್ಲೇ ಬರ್ಲಿ ಸಾಮಿ. ನಾನು ಗೊತ್ತಿಲ್ದೆ ಉಣ್ಸ್‌ಬುಟ್ಟೆ. ಇನ್ನೊಬ್ಳು ತಾಯಿ, ಮಗಳಿಗೆ ದಪ್ಪದ್ದೇ ಕೊಡು ಅಂತ ಬಂದಾಗ, ಯಾಕೆ ಕೊಡಲ್ಲ ಅಂತ ಹೇಳಾಕೆ ನನ್ಗೊಂದು ಮಾತು ಬೇಕು.”