ತೊಟ್ಟಿಲ ಕೊಂಡಿಗೆ ಝುಂಬರ

ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹೋದಾಗಲೆಲ್ಲ ಕಲ್ಲೋಳಿಯ ಆ ಮನೆಯ ಝುಂಬರ, ಗಾಜಿನ ಹರಳುಗಳ ತೂಗುದೀಪ, ಕಿಣಿಕಿಣಿ ಎನ್ನುತ್ತಿತ್ತು, ನಂದಿನಿ ಕೈಯ ಕೆಲಸ ಬಿಟ್ಟು ಪಡಸಾಲೆಗೆ ಓಡುತ್ತಿದ್ದಳು. ಅದರ ಕೆಳಗೇ ಅವಳ ಕೂಸು ಮಲಗುತ್ತಿತ್ತು. ಗೋಡೆ ಫ್ಯಾನಿನ ಗಾಳಿ ತಾಗುತ್ತಿದ್ದದ್ದು ಆ ಜಾಗಕ್ಕಷ್ಟೇ.

ಅದನ್ನು ಅಲ್ಲಿ ತೂಗಿಸಿದವನು ಮಾವ ಸಿದ್ರಾಯ. ಮೂಡಲಗಿಯಿಂದ ಸಂಕೇಶ್ವರದವರೆಗೆ ಮದುವೆ ಮಂಟಪಗಳಿಗೆ ಲೈಟು ಕಟ್ಟಿಯೇ ಮುದುಕನಾದ ಮನುಷ್ಯ. ದೀಪದ ಬಗ್ಗೆ ಅವನಿಗೆ ಗೊತ್ತಿದ್ದ ಶಾಸ್ತ್ರ ಒಂದೇ: ದಾರಿಯಲ್ಲಿ ಹೋಗುವವರಿಗೆ ಕಾಣಬೇಕು. ಅಡುಗೆಮನೆ ದಾರಿಗೆ ಕಾಣುವುದಿಲ್ಲವಲ್ಲ, ಅಲ್ಲಿಗೆ ಒಂದು ಬಡಕಲು ಬಲ್ಬು, ಅದೂ ನಿಂತವಳ ಬೆನ್ನ ಹಿಂದೆ. ನಂದಿನಿ ತನ್ನ ನೆರಳಿನಲ್ಲೇ ರೊಟ್ಟಿ ಬಡಿಯಬೇಕು. ಬಚ್ಚಲಿಗೆ ಅದೂ ಇಲ್ಲ. ಬಂಡಿಯ ಗಾಲಿಯಷ್ಟು ಅಗಲದ ಮಂಟಪದ ಝುಂಬರ ಮಾತ್ರ ಗಿಡ್ಡ ಪಡಸಾಲೆಗೆ! ಸ್ಲ್ಯಾಬಿನಲ್ಲಿದ್ದದ್ದು ತೊಟ್ಟಿಲು ಕಟ್ಟುವ ಕೊಂಡಿಯೊಂದೇ. ತೊಟ್ಟಿಲು ಬಿಚ್ಚಿಸಿ, ಅದಕ್ಕೇ ತಂತಿ ಸುತ್ತಿ, ಬಸ್ಸಿನವರಿಗೂ ಕಾಣಲೆಂದು ಕಿಟಕಿಯ ಮಟ್ಟಕ್ಕೆ ಇಳಿಬಿಟ್ಟ. ಮನೆಗೆ ಬಂದವರು ತಲೆ ತಗ್ಗಿಸಿಯೇ ದಾಟಬೇಕು.

“ನೋಡವಾ, ಸಾವಕಾರ ಬಂದ್ರೂ ನಮ್ಮ ಮನ್ಯಾಗ ಬಗ್ಗೇ ಬರಬೇಕ,” ಎಂದು ಮೀಸೆ ತಿರುವುತ್ತಿದ್ದ.

“ಒಂದ ದಿನದ ಮಂಟಪಕ್ಕ ಕಟ್ಟೂ ತಂತಿರಿ ಅದು, ಮಾವಾರ. ಕೆಳಗ ಕೂಸು...”

“ಅಷ್ಟ ಸಾಲಿ ಕಲತು ಅಂಜೂದೊಂದ ಕಲತಿ ನೋಡ.”

ಗಂಡ ಅರ್ಜುನ ಮೊಬೈಲಿನಿಂದ ತಲೆ ಎತ್ತಲಿಲ್ಲ. ಅಪ್ಪನೆದುರು ಅವನಿಗೂ ಆ ದೀಪವಿಲ್ಲದ ಬಚ್ಚಲಿಗೂ ಏನೂ ಫರಕಿರಲಿಲ್ಲ.

ಒಂದು ದಿನ ಕೌಜಲಗಿಯ ಮಾಲಿಂಗ ಮಗಳ ಲಗ್ನಕ್ಕೆಂದು ಆ ಝುಂಬರವನ್ನೇ ಕೇಳಿಕೊಂಡು ಬಂದಿದ್ದ. “ಅದು ಬಾಡಗಿದಲ್ಲೋ, ಮನಿ ಮರ್ಯಾದಿ,” ಎಂದು ಸಿದ್ರಾಯ ಅವನನ್ನು ಸಾಗಹಾಕಿದ್ದ.

ಮರುದಿನ ಮಧ್ಯಾಹ್ನ ಟ್ರ್ಯಾಕ್ಟರ್ ಹಾದ ಅದುರಿಗೆ ಝುಂಬರದ ಹರಳೊಂದು ಕಳಚಿ ಕೂಸಿನ ದಿಂಬಿನ ಮೇಲೆ ಬಿತ್ತು. ಕೂಸು ಚಿಟ್ಟನೆ ಚೀರಿತು. ಸಿದ್ರಾಯ ಓಡಿ ಬಂದ. ಹರಳನ್ನು ಎತ್ತಿ, ಬೆಳಕಿಗೆ ಹಿಡಿದು ನೋಡಿದ.

“ಒಡದಿಲ್ಲ, ಪುಣ್ಯಾ. ಕೂಸಿನ್ನ ಬಾಜೂಕ ಸರಸಬಾರದೇನ? ಇಂಥಾ ಹರಳ ಈಗ ಸಿಗೂದಿಲ್ಲ.”

ನಂದಿನಿ ಕೂಸನ್ನು ಸೊಂಟಕ್ಕೇರಿಸಿಕೊಂಡು, ಅವನೆದುರೇ ಫೋನು ಹಚ್ಚಿದಳು.

“ಮಾಲಿಂಗ ಕಾಕಾ, ಕಲ್ಲೋಳಿ ಲೈಟಿನವರ ಸೊಸಿರಿ. ನಿಮ್ಮ ಮಗಳ ಲಗ್ನಕ್ಕ ಝುಂಬರ ಕೊಡ್ತೇವ್ರಿ. ಮಾವಾರ ತಾವಾಗೇ ಕೊಟ್ರಂತ ಊರಾಗೆಲ್ಲಾ ಹೇಳ್ರಿ... ಹೂಂರಿ, ಇಲ್ಲೇ ನಿಂತಾರ, ಖುಷೀಲೆ ಮಾತ ಹೊಂಟಿಲ್ಲ. ಗಾಡಿ ಇವತ್ತ ಕಳಸ್ರಿ. ಬರೂವಾಗ ತೊಟ್ಟಿಲಾ ಕಟ್ಟಾಕ ಒಂದ ಗಟ್ಟಿ ಹಗ್ಗಾನೂ ತರ್ರಿ.”