ನೊಬುನಾಗನನ್ನು ನಂಬಿದ ಪ್ರಭುದೇವ

ಗದಗಿನ ಪ್ರಭುದೇವ ಹೊರದೇಶದಲ್ಲಿ, ಉಬಿ ಎಂಬ ಕೈಗಾರಿಕಾ ಪ್ರದೇಶದಲ್ಲಿ, ಲೇತು, ಮಿಲ್ಲಿಂಗ್ ಯಂತ್ರಗಳನ್ನು ರಿಪೇರಿ ಮಾಡುವ ಒಂದು ವರ್ಕ್‌ಶಾಪಿನ ಮುಖ್ಯಸ್ಥನಾಗಿದ್ದ. ಕಳೆದ ತಿಂಗಳು ಆ ಕೆಲಸ ಹೋಯಿತು. ಅಲ್ಲಿ ಉಳಿಯಲು ಸರ್ಕಾರ ಕೊಟ್ಟ ಅವನ ಪಾಸ್ ನಿಂತಿರುವುದೇ ಆ ಕೆಲಸದ ಮೇಲೆ. ಬೇಗ ಇನ್ನೊಂದು ಸಿಗದಿದ್ದರೆ, ಮಗಳು ರಿಷಿಕಾ ವರ್ಷದ ಕೊನೆಗೆ ಕೂರಬೇಕಾದ, ನಮ್ಮ ಎಸ್ಸೆಸ್ಸೆಲ್ಸಿಯಂಥ ಓ ಲೆವೆಲ್ ಪರೀಕ್ಷೆಯನ್ನು ಬಿಟ್ಟು ಸಂಸಾರ ಈ ದೇಶದಿಂದ ಹೊರಡಬೇಕು. ಇದಕ್ಕೆಲ್ಲ ಕಾರಣ ಜೊತೆಗೆ ಕೆಲಸ ಮಾಡುತ್ತಿದ್ದ ವೆಂಕಟೇಶಮೂರ್ತಿ ಎಂದು ಅವನು ಹೇಳುತ್ತಾನೆ. ನಾನು ಅಷ್ಟು ಸುಲಭವಾಗಿ ಹೇಳಲಾರೆ.

ಹಿಂದೊಮ್ಮೆ ಅವನನ್ನು ತರಬೇತಿಗೆಂದು ಜಪಾನಿನ ಗಿಫುಗೆ ಕಳಿಸಿದ್ದರು. ಅಲ್ಲಿನ ರೈಲು ನಿಲ್ದಾಣದ ಎದುರು ಓಡ ನೊಬುನಾಗನ ಚಿನ್ನದ ಬಣ್ಣದ ಪ್ರತಿಮೆಯಿದೆ. ಮೇಲಂಗಿ ಹೊದ್ದು, ಬಂದೂಕು ಹಿಡಿದು ಎತ್ತರದಲ್ಲಿ ನಿಂತಿದ್ದಾನೆ. ಹದಿನಾರನೆಯ ಶತಮಾನದ ಸಣ್ಣ ಪಾಳೆಯಗಾರ. ಮಳೆಯ ಮರೆಯಲ್ಲಿ ಮೇಲೆ ಬಿದ್ದು ತನ್ನ ಸೈನ್ಯದ ಹಲವು ಪಟ್ಟು ದೊಡ್ಡ ಸೈನ್ಯವನ್ನು ಮುರಿದ. ಕುಲ ನೋಡದೆ ಕೆಲಸ ನೋಡಿ ಆಳುಗಳನ್ನು ಮೇಲೆತ್ತಿದ. ಅರ್ಧ ಜಪಾನನ್ನು ಒಗ್ಗೂಡಿಸಿದ. ಬೆಟ್ಟದ ಮೇಲಿನ ಮಠವೊಂದನ್ನು ಸುತ್ತುವರಿದು, ಸನ್ಯಾಸಿಗಳ ಜೊತೆ ಹೆಂಗಸರು ಮಕ್ಕಳನ್ನೂ ಕೊಲ್ಲಿಸಿದವನು ಅವನೇ. ಪ್ರಭುದೇವ ಇದನ್ನು ಓದಿರಲಿಲ್ಲವೆಂದಲ್ಲ, ಹೇಳುತ್ತಿರಲಿಲ್ಲ.

ಮರಳಿ ಬಂದವನು ನೊಬುನಾಗನ ಹಾಗೆಯೇ ನಡೆದುಕೊಂಡ. ಆಗಷ್ಟೇ ಸೇರಿದ್ದ ಉಮಾಳನ್ನು ಹಳಬರೆಲ್ಲರ ಮೇಲಕ್ಕೆ ತಂದ. ಅವಳು ಅದಕ್ಕೆ ಅರ್ಹಳಾಗಿದ್ದಳು. ಮುನಿಸಿಕೊಳ್ಳದಿದ್ದ ಹಳಬರೆಂದರೆ ರಿಪೇರಿಯಾದ ಯಂತ್ರಗಳ ಟೆಸ್ಟಿಂಗ್ ನೋಡಿಕೊಳ್ಳುತ್ತಿದ್ದ ಮೈಸೂರಿನ ವೆಂಕಟೇಶಮೂರ್ತಿ ಒಬ್ಬರೇ. ಗಿರಾಕಿಗೆ ಹೇಳಿದ ದಿನಕ್ಕಿಂತ ಮುಂಚೆ ಯಂತ್ರ ಕಳಿಸುವುದು ಪ್ರಭುದೇವನ ಚಟ. ಆ ಅವಸರದಲ್ಲಿ ಉಳಿದುಹೋದ ಟೆಸ್ಟಿಂಗನ್ನು ಯಂತ್ರ ಹೊರಡುವ ಮೊದಲು, ಶಿಫ್ಟ್ ಮುಗಿದ ಮೇಲೆ ನಿಂತು, ಯಾರಿಗೂ ಹೇಳದೆ, ಮಾಡಿ ಮುಗಿಸುವುದು ಮೂರ್ತಿಯವರ ರೂಢಿ. ಪ್ರಭುದೇವನಿಗೆ ಅದು ಗೊತ್ತಿತ್ತು. ಗೊತ್ತಿರುವಂತೆ ತೋರಿಸಿಕೊಳ್ಳಲಿಲ್ಲ.

ಊಟದ ಹೊತ್ತಿನಲ್ಲಿ ಅವನು ನೊಬುನಾಗನ ಕೊನೆಯನ್ನು ಬಣ್ಣಿಸುತ್ತಿದ್ದ. ಅತಿಥಿಸತ್ಕಾರದ ಹೊಣೆ ಹೊತ್ತ ಸೇನಾಪತಿ ಮಿತ್ಸುಹಿದೆಯನ್ನು, ಮೀನು ನಾರುತ್ತಿದೆಯೆಂದು ನೊಬುನಾಗ ಎಲ್ಲರೆದುರು ಹೀಯಾಳಿಸಿದನಂತೆ; ಅದೇ ಸೇನಾಪತಿ ತಿರುಗಿಬಿದ್ದು ಅವನನ್ನು ಮುಗಿಸಿದ. ಮೀನಿನ ಕಥೆಗೆ ಗಟ್ಟಿ ಆಧಾರವಿಲ್ಲ. ಪ್ರಭುದೇವ ಅದರಿಂದ ತೆಗೆಯುತ್ತಿದ್ದ ನೀತಿ ಒಂದೇ: ಸೇನಾಪತಿಯ ಚರ್ಮ ದಪ್ಪವಿರಬೇಕು.

ಮಾರ್ಚಿನಲ್ಲಿ ಗಿಫುವಿನಿಂದ ಇಬ್ಬರು ಎಂಜಿನಿಯರುಗಳು ಬಂದರು. ಮನೆ ಅಡುಗೆ ಉಣ್ಣಬೇಕೆಂದು ಅವರ ಆಸೆ. ಮೂರ್ತಿಯವರು ಪುಂಗೋಲ್ ಬಡಾವಣೆಯ ತಮ್ಮ ಮನೆಗೆ ಅವರನ್ನೂ ಪ್ರಭುದೇವನನ್ನೂ ಕರೆದರು. ಹೆಂಡತಿ ರಮಾ ಬೆಳಗಿನಿಂದ ಒಲೆಯ ಮುಂದಿದ್ದರು. ಸೆಕೆಗೆ ಕೋಸಂಬರಿ ಕೆಟ್ಟಿತ್ತು, ಅದು ನಿಜ. ಒಂದು ತುತ್ತಿಗೇ ಪ್ರಭುದೇವ ತಟ್ಟೆ ಸರಿಸಿದ. ಕೆಲಸದಲ್ಲಿ ಆಡುತ್ತಿದ್ದ ಬೆಂಗಳೂರಿನ ಮಾತು ಮರೆತುಹೋಗಿ ಗದಗಿನ ಮಾತು ಬಂತು.

"ಇದು ಹಳಸೇತಿ. ಬಂದವರಿಗೆ ಇಂಥಾದ್ದು ಬಡಸ್ತಾರೇನ್ರೀ?"

ಅತಿಥಿಗಳಿಗೆ ತಿಳಿಯಲೆಂದು ಅದನ್ನೇ ಇಂಗ್ಲಿಷಿನಲ್ಲಿ ಹೇಳಿದ. ಅವರ ತಟ್ಟೆಗಳನ್ನೂ ಎತ್ತಿಸಿ, ಹೊರಗಿನಿಂದ ಊಟ ಆರ್ಡರ್ ಮಾಡಿದ. ಗದಗಿನ ಅವನ ಮನೆಯಲ್ಲಿ ಪಂಕ್ತಿಯಲ್ಲಿ ಕೂತು ಅಡುಗೆಯನ್ನು ಜರೆಯುವುದು ಸಲಿಗೆ. ಅವನ ತಾಯಿ ದಾನವ್ವ, "ಹಂಗಾರ ನಾಳೆ ನೀನಽ ಮಾಡು" ಎಂದು ಇನ್ನೊಂದು ರೊಟ್ಟಿ ಹಾಕುತ್ತಿದ್ದಳು. ರಮಾ ತಟ್ಟೆಗಳನ್ನು ಒಳಗೆ ಒಯ್ದರು. ಪ್ರಭುದೇವ ಅದನ್ನು ಒಪ್ಪಿಗೆ ಎಂದುಕೊಂಡ.

ಮರುದಿನದಿಂದ ಮೂರ್ತಿಯವರು ಶಿಫ್ಟ್ ಮುಗಿದ ಕೂಡಲೇ ಮನೆಗೆ ಹೊರಡತೊಡಗಿದರು. ಟೆಸ್ಟಿಂಗ್ ಅರ್ಧಕ್ಕೆ ನಿಂತಿದ್ದ ಒಂದು ಲೇತನ್ನು ಪ್ರಭುದೇವ ಎಂದಿನಂತೆ ಅವಸರದಲ್ಲಿ ಕಳಿಸಿದ. ಗಿರಾಕಿಯ ಕಾರ್ಖಾನೆಯಲ್ಲಿ ತಿರುಗುವ ತುಂಡನ್ನು ಬಿಗಿಹಿಡಿಯುವ ಅದರ ಭಾಗ ಸಡಿಲಿ, ಒಬ್ಬ ಕೆಲಸಗಾರನ ಕೈ ಜಜ್ಜಿಹೋಯಿತು. ಕಳಿಸಲು ಹೇಳಿದ್ದು ಯಾರೆಂದು ವರ್ಕ್‌ಶಾಪಿನ ಮಾಲೀಕ ಕೇಳಿದಾಗ ಮೂರ್ತಿಯವರು ಪ್ರಭುದೇವನ ಹೆಸರು ಹೇಳಿದರು.

ಕೆಲಸ ಕಳೆದುಕೊಂಡ ವಾರದಲ್ಲಿ ಪ್ರಭುದೇವ ಪುಂಗೋಲಿಗೆ ಹೋದ. ಮೊದಲೆಲ್ಲ ನಿಂತು ಟೆಸ್ಟ್ ಮಾಡುತ್ತಿದ್ದವರು ಈ ಸಲ ಯಾಕೆ ಮಾಡಲಿಲ್ಲ ಎಂದು ಕೇಳಿದ.

"ನೀವು ಹೇಳಿರಲಿಲ್ಲ," ಎಂದರು ಮೂರ್ತಿ.

"ಯಾವತ್ತೂ ಹೇಳಿರ್ಲಿಲ್ವಲ್ಲ?"

"ಹೌದು. ಯಾವತ್ತೂ ಹೇಳಿರಲಿಲ್ಲ."

ಪ್ರಭುದೇವ, ಆವತ್ತಿನ ಊಟದ ವಿಷಯ ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಸಾರಿ, ಎಂದ. ಅಡುಗೆ ಮಾಡಿದ್ದು ತಾವಲ್ಲ, ರಮಾ ಎಂದರು ಮೂರ್ತಿ. ರಮಾ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದರು. ಪ್ರಭುದೇವ ಅತ್ತ ತಿರುಗಲಿಲ್ಲ. ತಪ್ಪಿನಲ್ಲಿ ತಮ್ಮದೂ ಪಾಲಿದೆ ಎಂದು ಮೂರ್ತಿಯವರು ಮಾಲೀಕನಿಗೆ ಒಂದು ಮಾತು ಹೇಳಿದರೆ, ಮಗಳ ಪರೀಕ್ಷೆ ಮುಗಿಯುವವರೆಗಾದರೂ ತನ್ನನ್ನು ಮತ್ತೆ ಕೆಲಸಕ್ಕೆ ಇಟ್ಟುಕೊಂಡಾನು ಎಂದು ಕೇಳಿಕೊಂಡ. ಮೂರ್ತಿಯವರು ಯೋಚನೆಗೆ ಬಿದ್ದರು. ಪಾಲು ಇದ್ದದ್ದು ಅವರಿಗೂ ಗೊತ್ತಿತ್ತು.

ಆಗ ರಮಾ ಕೇಳಿದರು: "ಕೈ ಜಜ್ಜಿದ್ದು ಯಾರದ್ದು? ಆ ಹುಡುಗನ ಹೆಸರೇನು?"

ಪ್ರಭುದೇವ ಮೂರ್ತಿಯವರನ್ನು ನೋಡಿದ. ಮೂರ್ತಿಯವರು ನೆಲ ನೋಡಿದರು. ಇಬ್ಬರಿಗೂ ಗೊತ್ತಿರಲಿಲ್ಲ. ಪ್ರಭುದೇವ ತನ್ನ ಮಾತನ್ನು ಮತ್ತೆ ಎತ್ತದೆ ಎದ್ದು ಹೊರಟ.