ದುಬೈಗೆ ಎಷ್ಟು ಸಲ?

ಎರಡು ವರ್ಷದ ಹಿಂದಿನ ಡಿಸೆಂಬರ್. ಚಿಂತಾಮಣಿ ಬಸ್ ನಿಲ್ದಾಣದ ಎದುರು ನಾನು ಟ್ರಾವೆಲ್ಸ್ ಆಫೀಸು ತೆರೆದು ಆಗಲೇ ಹತ್ತೊಂಬತ್ತು ವರ್ಷವಾಗಿತ್ತು. ಕಾಶಿ ಟಿಕೆಟ್ಟು, ಪಾಸ್‌ಪೋರ್ಟ್ ಅರ್ಜಿ, ಕೊಲ್ಲಿ ದೇಶಕ್ಕೆ ಕೆಲಸಕ್ಕೆ ಹೋಗುವವರ ವೀಸಾ ಇವೆಲ್ಲ ನನಗೆ ನೀರು ಕುಡಿದಷ್ಟು ಸಲೀಸು. ಹಡಗಿನ ಪ್ರವಾಸ ಮಾತ್ರ ಅದೇ ಮೊದಲು.

ಬಂದವರು ಇಬ್ಬರು ಅಕ್ಕತಂಗಿಯರು. ಅಕ್ಕ ಸರೋಜಮ್ಮ ನಮ್ಮೂರ ಶಾಲೆಯಲ್ಲೇ ಮೇಡಂ ಆಗಿ ನಿವೃತ್ತರಾದವರು. ತಂಗಿ ವನಜಮ್ಮ ಗೌರಿಬಿದನೂರಿನಲ್ಲಿ ಹೊಲಿಗೆ ಕಲಿಸುತ್ತಿದ್ದರು. ಹನ್ನೊಂದು ವರ್ಷ ಮಾತು ಬಿಟ್ಟಿದ್ದು, ಆ ಯುಗಾದಿಗಷ್ಟೇ ಕೂಡಿಕೊಂಡಿದ್ದರು. ಮನೆಯವರ್ಯಾರೂ ನಡುವೆ ಬರದ ಹಾಗೆ ನಾಲ್ಕು ದಿನ ಒಂದೇ ಕೋಣೆಯಲ್ಲಿ ಇರಬೇಕು ಅನ್ನುವುದು ಅವರ ಆಸೆ. ವಿಮಾನದಲ್ಲಿ ದುಬೈ, ಅಲ್ಲಿಂದ ಹಡಗಿನಲ್ಲಿ ಪಕ್ಕದ ದೇಶದ ಮಸ್ಕತ್, ಮತ್ತೆ ದುಬೈ, ಆಮೇಲೆ ಊರು.

ಮಸ್ಕತ್‌ನ ಕಾಗದಪತ್ರ ಹಡಗಿನವರ ಪಾಲು, ದುಬೈ ವೀಸಾ ನನ್ನ ಪಾಲು. ಆ ಅರ್ಜಿಯಲ್ಲಿ ‘ಎಂಟ್ರಿ’ ಎಂದೊಂದು ಕಾಲಂ ಇದೆ. ಸಿಂಗಲ್ ಎಂದರೆ ದೇಶದೊಳಕ್ಕೆ ಒಂದೇ ಬಾರಿ ಪ್ರವೇಶ, ಮಲ್ಟಿಪಲ್ ಎಂದರೆ ಹಲವು ಬಾರಿ. ಅದನ್ನು ನಾನು ನಮ್ಮ ಮಾತಿಗೆ ಇಳಿಸಿ ಕೇಳಿದೆ.

“ದುಬೈಗೆ ಎಷ್ಟು ಸಲ ಹೋಗ್ತೀರಾ ಮೇಡಂ?”

“ಒಂದೇ ಸಲ ಕಣಪ್ಪ. ಈ ಮಂಡಿ ಇಟ್ಕೊಂಡು ಇನ್ನೊಂದ್ಸಲ ಎಲ್ಲಿಗೆ ಹೋಗ್ಲಿ?” ಅಂದರು ಸರೋಜಮ್ಮ.

ವನಜಮ್ಮ ನಕ್ಕರು. “ಕರ್ಕೊಂಡೋಗೋರು ಇದ್ರೆ ನಾನು ವರ್ಷಾ ವರ್ಷಾ ಹೋಗ್ತೀನಪ್ಪ!”

ಅವರವರು ಹೇಳಿದಂತೆ ಗುರುತು ಹಾಕಿದೆ.

ವೀಸಾ ಬಂದವು. ಹೊರಡಲು ಒಂಬತ್ತು ದಿನ ಉಳಿದಿತ್ತು. ಸರೋಜಮ್ಮ ಎರಡನ್ನೂ ಪಕ್ಕಪಕ್ಕ ಇಟ್ಟು, ಉತ್ತರಪತ್ರಿಕೆ ತಿದ್ದುವ ಹಾಗೆ ಬೆರಳಿಟ್ಟು ಓದಿದರು. “ಮೂರ್ತಿ, ನಂದ್ರಲ್ಲಿ ಸಿಂಗಲ್ಲು, ಅವಳದ್ರಲ್ಲಿ ಮಲ್ಟಿಪಲ್ಲು. ಹೋಗೋದು ಒಂದೇ ಹಡಗು. ಇದ್ಯಾಕಪ್ಪ ಹಿಂಗೆ?”

ಅವರವರು ಹೇಳಿದ್ದನ್ನೇ ಹಾಕಿದ್ದೆ, ಈ ಪ್ರಯಾಣಕ್ಕೆ ಯಾವುದು ಬೇಕೆಂದು ನನಗೂ ತಿಳಿದಿರಲಿಲ್ಲ. ಬೆಂಗಳೂರಿನ ಒಬ್ಬ ಏಜೆಂಟರನ್ನು ಕೇಳಿದೆ. “ಮಸ್ಕತ್‌ನಲ್ಲಿ ಹಡಗಿಂದ ಇಳೀದೆ ಇದ್ರೆ ಸಿಂಗಲ್ ಸಾಕು” ಅಂದರು. ಇನ್ನೊಬ್ಬರು, “ಹಡಗು ಹೊರಟ ಕೂಡಲೇ ದೇಶ ಬಿಟ್ಟ ಲೆಕ್ಕ, ವಾಪಸ್ ಬಂದ್ರೆ ಅದು ಎರಡನೇ ಎಂಟ್ರಿ” ಅಂದರು. ಮೂರನೆಯವರು, “ಮೊದಲನೆಯವರನ್ನೇ ಇನ್ನೊಂದ್ಸಲ ಕೇಳಿ” ಅಂದರು. ಕೊನೆಗೆ ಹಡಗಿನ ಕಂಪನಿಗೇ ಇಮೇಲ್ ಬರೆದೆ. ಎರಡು ದಿನ ಕಳೆದು ಒಂದೇ ಸಾಲಿನ ಉತ್ತರ ಬಂತು: ಇಳಿಯಲಿ ಬಿಡಲಿ, ಮಲ್ಟಿಪಲ್ ಇಲ್ಲದವರನ್ನು ಹಡಗು ಹತ್ತಿಸುವುದಿಲ್ಲ.

ಸರೋಜಮ್ಮನ ಮುಖ ಗಂಟಾಯಿತು. “ಅಂದ್ರೆ ಅವಳು ಹಡಗಲ್ಲಿ ಹೋಗ್ತಾಳೆ, ನಾನು ದಡದಲ್ಲಿ ನಿಂತು ಟಾಟಾ ಮಾಡ್ಬೇಕು. ಒಳ್ಳೇದನ್ನ ಅವಳೊಬ್ಬಳಿಗೇ ಮಾಡ್ಸಿದ್ಯಾ? ಅವಳೇ ಹೇಳ್ಕೊಟ್ಟಿದ್ದಾ?”

ಹನ್ನೊಂದು ವರ್ಷದ ಮೌನ ಮತ್ತೆ ನನ್ನ ಮೇಜಿನ ಮೇಲೆಯೇ ಶುರುವಾಗುತ್ತದೇನೋ ಎಂದು ಹೆದರಿ, ವನಜಮ್ಮನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ನಡೆದದ್ದು ಹೇಳಿದೆ.

“ಮತ್ತೆ ಶುರು ಮಾಡ್ಬೇಡ ಕಣೇ ಅಕ್ಕ. ನೀನು ಬರ್ದಿದ್ರೆ ಆ ಹಡಗಲ್ಲಿ ನಾನು ಯಾರ ಜೊತೆ ಜಗಳ ಆಡ್ಲಿ?” ಅಂದರು ಅವರು.

“ತಪ್ಪು ನಿಮ್ಮಿಬ್ಬರದೂ ಅಲ್ಲ ಮೇಡಂ. ನಾನು ಕೇಳಿದ ರೀತಿಯೇ ತಪ್ಪು. ಈ ಒಂದು ಪ್ರಯಾಣದಲ್ಲೇ ಎಷ್ಟು ಸಲ ದುಬೈ ಒಳಗೆ ಹೋಗ್ತೀರಾ ಅಂತ ಕೇಳಬೇಕಿತ್ತು” ಅಂದೆ.

ಹಳೆಯ ವೀಸಾ ರದ್ದಾಗದೆ ಹೊಸದಕ್ಕೆ ಅರ್ಜಿ ಹಾಕುವಂತಿಲ್ಲ. ರದ್ದಾಗಲು ಮೂರು ದಿನ ಹಿಡಿಯಿತು. ಹೊಸದು ಬಂದದ್ದು ಹೊರಡುವ ಹಿಂದಿನ ದಿನ ಮಧ್ಯಾಹ್ನ. ಅಷ್ಟು ದಿನ ವನಜಮ್ಮ ಪೆಟ್ಟಿಗೆಗೆ ಒಂದು ಬಟ್ಟೆಯನ್ನೂ ಹಾಕಿರಲಿಲ್ಲವಂತೆ.

ವಾಪಸ್ ಬಂದ ಮೇಲೆ ಇಬ್ಬರೂ ಖರ್ಜೂರ ತಂದುಕೊಟ್ಟರು. ಮತ್ತೆ ದುಬೈಯಲ್ಲಿ ಹಡಗು ಇಳಿಯುವಾಗ ವೀಸಾ ನೋಡಿದರಾ ಎಂದು ಕೇಳಿದೆ.

“ಅಕ್ಷರ ಅಕ್ಷರ ನೋಡಿದ್ರು” ಅಂದರು ಅಕ್ಕ.

“ಎಲ್ಲಿ ನೋಡಿದ್ರು? ಕೈ ಬೀಸಿ ಹೋಗಿ ಅಂದ್ರು” ಅಂದರು ತಂಗಿ.

ಯಾರು ಹೇಳಿದ್ದು ಸರಿಯೋ ಇವತ್ತಿಗೂ ತಿಳಿಯದು. ನಾನು ಕಲಿತದ್ದು ಇಷ್ಟೇ: ಯಾರು ಬಂದರೂ ಮೊದಲು ಹಾಳೆಯ ಮೇಲೆ ಅವರ ದಾರಿ ಬರೆದು, ಗಡಿ ದಾಟುವ ಕಡೆಯೆಲ್ಲ ಒಂದು ಗೆರೆ ಎಳೆಯುತ್ತೇನೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಅವರೆದುರಿಗೇ ಹೇಳುತ್ತೇನೆ. ಅದನ್ನು ಹೇಳಿದ್ದಕ್ಕೆ ಈವರೆಗೆ ಯಾರೂ ಎದ್ದು ಹೋಗಿಲ್ಲ.